ನಂಬಿಕೆಗೆ ಆಜ್ಞೆ ಸಲ್ಲದು

ಜಮ್ಷೇಟ್‌ಜಿ ಟಾಟಾ ಅವರು 1886ರಲ್ಲಿ ಕುರ್ಲಾದ ಧರಮ್ಸಿ ಗಿರಣಿಯನ್ನು ಕೊಂಡು ಅದಕ್ಕೆ ‘ಸ್ವದೇಶಿ’ ಎಂದು ಹೆಸರಿಟ್ಟರು. ಅಂಥ ಗಿರಣಿಗಳ ಸುತ್ತ ಬೆಳೆದ ದುಡಿಮೆಗಾರರ ಮುಂಬಯಿಗೆ ಊರು ಬಿಟ್ಟು ಬಂದವರು ಬುತ್ತಿಯ ಜತೆಗೆ ತಮ್ಮ ದೈವಗಳನ್ನೂ ತಂದರು. 1928ರ ಗಿರಣಿ ಮುಷ್ಕರದ ಮುಂಚೂಣಿಯಲ್ಲಿ ಕಮ್ಯುನಿಸ್ಟರಿದ್ದರು. ಅವರ ಹಿಂದೆ ನಡೆದವರಲ್ಲಿ ಬಹುಮಂದಿ ಆಸ್ತಿಕರು. ‘ದೇವರನ್ನು ಬಿಟ್ಟು ಬಾ’ ಎಂದು ಆಜ್ಞಾಪಿಸುವ ಅಧಿಕಾರ ಆ ನಾಯಕರಿಗಿರಲಿಲ್ಲ. ಮಾತಿನಿಂದ ಒಪ್ಪಿಸುವುದೊಂದೇ ಅವರಿಗಿದ್ದ ದಾರಿ.

ಅಧಿಕಾರ ಕೈಗೆ ಬಂದಲ್ಲಿ ನಡೆದದ್ದು ಬೇರೆ. ಸೋವಿಯತ್ ಸರಕಾರ 1929ರ ಕಾನೂನಿನಿಂದ ಧಾರ್ಮಿಕ ಸಂಘಗಳ ಕೈಕಟ್ಟಿತು. 1931ರ ಡಿಸೆಂಬರಿನಲ್ಲಿ ಮಾಸ್ಕೋದ ಕ್ರೈಸ್ಟ್ ದ ಸೇವಿಯರ್ ಮಹಾದೇವಾಲಯವನ್ನು ಸಿಡಿಮದ್ದಿನಿಂದ ಉರುಳಿಸಿತು. ಅಲ್ಬೇನಿಯ 1967ರಲ್ಲಿ ಮಸೀದಿ, ಚರ್ಚುಗಳನ್ನೆಲ್ಲ ಮುಚ್ಚಿ, 1976ರ ಸಂವಿಧಾನದಲ್ಲಿ ನಾಸ್ತಿಕತೆಯನ್ನೇ ರಾಜ್ಯದ ನೀತಿಯಾಗಿಸಿತು. ಫಲವೇನು? ನಂಬಿಕೆ ಮನೆಯೊಳಗೆ ಅಡಗಿ ಕುಳಿತಿತು. ಈಜುಕೊಳವಾಗಿದ್ದ ಮಾಸ್ಕೋದ ಆ ನಿವೇಶನದಲ್ಲೇ ಮತ್ತೆ ದೇವಾಲಯ ಎದ್ದು, 2000ದಲ್ಲಿ ಪ್ರತಿಷ್ಠೆಗೊಂಡಿತು. ಜನರ ನೋವು ಕಳೆದರೆ ದೇವರ ಅಗತ್ಯ ತಾನಾಗಿ ಕಳೆದೀತೆಂಬುದು ಮಾರ್ಕ್ಸ್ ನಿರೀಕ್ಷೆ. ಅವನ ಹೆಸರಿನಲ್ಲಿ ಆಳಿದವರು ನೋವನ್ನು ಹಾಗೆಯೇ ಉಳಿಸಿ ದೇವರನ್ನು ಕಿತ್ತುಕೊಳ್ಳಹೊರಟರು.

ದೇವರನ್ನು ಪ್ರಶ್ನಿಸುವುದೇ ತಪ್ಪೆಂದು ಇದರಿಂದ ತೀರ್ಮಾನಿಸುವವರ ಜತೆಗೆ ನಾವಿಲ್ಲ. ಹನ್ನೆರಡನೆಯ ಶತಮಾನದ ಶರಣರು ಸ್ಥಾವರ ಪೂಜೆಯನ್ನು ನಿರಾಕರಿಸಿದ್ದು ದಂಡನಾಯಕನ ಕತ್ತಿಯಿಂದಲ್ಲ, ತಮ್ಮ ನುಡಿ ಮತ್ತು ನಡೆಯಿಂದ. 1976ರಲ್ಲಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದಾಗ ಯಾವ ಗುಡಿಗೂ ಬೀಗ ಬೀಳಲಿಲ್ಲ. ಕೊಲ್ಹಾಪುರದ ಕಮ್ಯುನಿಸ್ಟ್ ನಾಯಕ ಗೋವಿಂದ ಪಾನ್ಸರೆ ಅವರೂ ಜನರ ಮುಂದಿಟ್ಟದ್ದು ವಾದವನ್ನೇ. 2015ರ ಫೆಬ್ರುವರಿಯಲ್ಲಿ ಅವರು ಗುಂಡೇಟಿಗೆ ಬಲಿಯಾದರು. ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರು.

ಗುಡಿಯನ್ನು ಕೆಡವುವ ಸರಕಾರವೂ ವಿಚಾರಿಯನ್ನು ಕೊಲ್ಲುವ ಬಂದೂಕೂ ಒಂದೇ ಹೆದರಿಕೆಯ ಮಕ್ಕಳು: ಎದುರಿನವನ ಮನಸ್ಸು ತನ್ನ ವಶದಲ್ಲಿಲ್ಲವೆಂಬ ಹೆದರಿಕೆ. ನಮ್ಮ ಸಂವಿಧಾನದ 25ನೆಯ ವಿಧಿ ಮೊದಲಿಗೆ ಹೇಳುವುದು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು. ಅದರಲ್ಲಿ ನಂಬುವವನಿಗೂ ನಂಬದವನಿಗೂ ಸಮಪಾಲುಂಟು.

ಪರಊರಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ನಮಗೆ ಇದರ ಬೆಲೆ ಹೆಚ್ಚು. ಇಂದು ಇನ್ನೊಬ್ಬರ ದೇವರ ಮೇಲೆ ಎತ್ತಲು ಸರಕಾರಕ್ಕೆ ನಾವು ಕೊಟ್ಟ ಕೋಲು ನಾಳೆ ನಮ್ಮ ಭಜನೆಯ ಮೇಲೂ ನಮ್ಮ ಪ್ರಶ್ನೆಯ ಮೇಲೂ ಬೀಳಬಹುದು. ಆ ಕೋಲನ್ನು ಯಾರ ಕೈಗೂ ಕೊಡದಿರುವುದೇ ವಿವೇಕ.