ಒಂದು ‘ಟಕ್’ ಸದ್ದು ಕಲಿಸಿದ ಪಾಠ

ಜುಲೈ ತಿಂಗಳ ಒಂದು ಮಧ್ಯಾಹ್ನ. ಅಬುಧಾಬಿಯಿಂದ ದುಬೈಗೆ ಮರಳುವ ದಾರಿಯಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಕೀಲಿ ತಿರುಗಿಸಿದೆ. ‘ಟಕ್’ ಎಂಬ ಒಂದೇ ಸದ್ದು, ಅನಂತರ ಮೌನ. ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗ. ಎಂಜಿನ್ ಓಡದಿದ್ದರೆ ಎ.ಸಿ. ಇಲ್ಲ, ಎ.ಸಿ. ಇಲ್ಲದ ಕಾರು ಇಲ್ಲಿನ ಬೇಸಿಗೆಯಲ್ಲಿ ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ. ಮಗನನ್ನು ಎತ್ತಿಕೊಂಡು ಬಂಕಿನ ಅಂಗಡಿಯ ತಂಪಿಗೆ ಓಡಿದೆ.

ಮೂರು ವಾರಗಳ ಹಿಂದೆಯೂ ಇದೇ ಸದ್ದು ಕೇಳಿಸಿತ್ತು. ಆಗ ಗ್ಯಾರೇಜೊಂದರಲ್ಲಿ ಪರೀಕ್ಷೆಯನ್ನೇ ಮಾಡದೆ ಹೊಸ ಬ್ಯಾಟರಿ ಹಾಕಿ ಕಳುಹಿಸಿದ್ದರು. ಏಕೆ ಎಂದು ನಾನೂ ಕೇಳಿರಲಿಲ್ಲ. ಕೇಳಲು ನನಗೆ ಏನೂ ತಿಳಿದಿರಲಿಲ್ಲ ಎಂಬುದೇ ನಿಜ.

ಅಲ್ ಕೂಝ್‌ನ ವರ್ಕ್‌ಶಾಪೊಂದರಲ್ಲಿ ದುಡಿಯುವ ಉಪ್ಪಳದ ಹಿರಿಯರೊಬ್ಬರ ಪರಿಚಯವಿತ್ತು. ಎಲ್ಲರಂತೆ ನಾನೂ ಅವರನ್ನು ಉಸ್ತಾದ್ ಎಂದೇ ಕರೆಯುವುದು. ಫೋನ್ ಮಾಡಿದೆ. “ಮೊದಲು ಹೆಡ್‌ಲೈಟ್ ಹಾಕಿ ಮಾರಾಯ್ರೆ. ಈಗ ಕೀ ತಿರುಗಿಸಿ. ಬೆಳಕು ಕುಗ್ಗಿತಾ?” ಎಂದರು. “ಇಲ್ಲ” ಎಂದೆ. “ಬ್ಯಾಟರಿಯ ಟರ್ಮಿನಲ್ ಗಟ್ಟಿ ಉಂಟಾ ನೋಡಿ.” ಅದೂ ಗಟ್ಟಿಯಾಗಿತ್ತು. “ಹಾಗಾದರೆ ಬ್ಯಾಟರಿಯದ್ದಲ್ಲ, ಸ್ಟಾರ್ಟರಿನದ್ದು” ಎಂದರು. ಅವರು ಹೇಳಿದಂತೆ ಬಂಕಿನ ಹುಡುಗನೊಬ್ಬ ಕೀಲಿ ತಿರುಗಿಸಿದ. ನಾನು ಸ್ಪ್ಯಾನರಿನ ಹಿಡಿಯಿಂದ ಸ್ಟಾರ್ಟರಿನ ಮೈಗೆ ಮೆಲ್ಲನೆ ತಟ್ಟಿದೆ. ಎಂಜಿನ್ ಎದ್ದಿತು. ಎಲ್ಲಿಯೂ ನಿಲ್ಲಿಸದೆ ದುಬೈ ಸೇರಿ, ಮಿರ್ದಿಫ್‌ನ ಗೆಳೆಯನ ವಿಲ್ಲಾದ ಅಂಗಳದಲ್ಲಿ ಕಾರು ನಿಲ್ಲಿಸಿದೆ.

ಊರಿನಲ್ಲಿ ಕಾರು ಕೈಕೊಟ್ಟರೆ ನಾಲ್ಕು ಜನ ಸೇರಿ ನೂಕುತ್ತಿದ್ದೆವು. ನನ್ನ ಬಾಲ್ಯದಲ್ಲಿ ಅಂಬಾಸಿಡರ್ ಕಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ಚುಚ್ಚಿ ತಿರುಗಿಸುತ್ತಿದ್ದುದನ್ನೂ ಕಂಡಿದ್ದೇನೆ. ಆ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರು ಲೋಕದಲ್ಲೆಲ್ಲ ಇದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಕಷ್ಟ ಕ್ರಮೇಣ ಮರೆಯಾಯಿತು. ಆದರೆ ಆಟೋಮ್ಯಾಟಿಕ್ ಗೇರಿನ ಕಾರು ನೂಕಿದರೆ ಏಳುವುದಿಲ್ಲ. ಅಂಥ ಕಾರನ್ನೇ ಓಡಿಸುವ ನಮ್ಮಂಥವರಿಗೆ ಒಂದೂವರೆ ಗೇಣಿಗೂ ಚಿಕ್ಕದಾದ ಆ ಮೋಟಾರೇ ಗತಿ.

ಮುಂದಿನ ಭಾನುವಾರ ಸೂರ್ಯ ಏರುವ ಮುನ್ನ ಉಸ್ತಾದ್ ಬಂದರು. “ಕೆಲಸ ನೀವು ಮಾಡಿ, ನಾನು ನೋಡುತ್ತೇನೆ” ಎಂದು ಕುರ್ಚಿ ಎಳೆದು ಕುಳಿತರು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿದರು. ಸ್ಟಾರ್ಟರಿಗೆ ಬರುವ ದಪ್ಪ ತಂತಿಯಲ್ಲಿ, ಕೀಲಿ ತೆಗೆದಿದ್ದರೂ ವಿದ್ಯುತ್ ಇರುತ್ತದೆ. ಸ್ಪ್ಯಾನರ್ ಒಮ್ಮೆ ಕಾರಿನ ಮೈಗೆ ತಾಗಿದರೆ ಸಾಕು, ಕಿಡಿ ಸಿಡಿದು ಕೈ ಸುಡುತ್ತದೆ. ಏರ್ ಫಿಲ್ಟರಿನ ಡಬ್ಬಿ ತೆಗೆದಾಗ, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವಲ್ಲಿ ಸ್ಟಾರ್ಟರ್ ಕಾಣಿಸಿತು. ದಪ್ಪ ತಂತಿ, ತೆಳು ತಂತಿ, ಎರಡು ಬೋಲ್ಟ್‌. ಇಷ್ಟೇ ಅದರ ಬಂಧನ. ಎರಡನೆಯ ಬೋಲ್ಟ್ ಕಣ್ಣಿಗೆ ಕಾಣದು, ಬೆರಳಿಗಷ್ಟೇ ಸಿಗುತ್ತದೆ. ಅದೊಂದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು; ಗಂಟುಗಳ ಚರ್ಮ ಸುಲಿಯಿತು.

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಿಂದ ತಂದಿದ್ದ ಮೋಟಾರನ್ನು ಹಳೆಯದರ ಪಕ್ಕದಲ್ಲಿಟ್ಟು, ಬೋಲ್ಟಿನ ತೂತು, ಹಲ್ಲುಚಕ್ರದ ಹಲ್ಲು ಎಲ್ಲವನ್ನೂ ಎಣಿಸಿ ಹೋಲಿಸಿದ ಬಳಿಕವೇ ಉಸ್ತಾದ್ ಜೋಡಿಸಲು ಬಿಟ್ಟರು. ನೆಗೆಟಿವ್ ತಂತಿಯನ್ನು ಕೊನೆಗೆ ಕಟ್ಟಿ ಕೀಲಿ ತಿರುಗಿಸಿದಾಗ ಒಂದೇ ಏಟಿಗೆ ಎಂಜಿನ್ ಎದ್ದಿತು. ಹಳೆಯ ಮೋಟಾರನ್ನು ಬಿಚ್ಚಿ ತೋರಿಸಿದರು: ಒಳಗಿನ ಕಾರ್ಬನ್ ಬ್ರಷ್‌ಗಳು ಸವೆದು ಚೂರಾಗಿದ್ದವು. ತಟ್ಟಿದಾಗ ಕ್ಷಣಕಾಲ ತಾಗಿಕೊಂಡು ಕೆಲಸ ಮಾಡಿದ್ದು ಅವೇ. ಹೊಸ ಬ್ಯಾಟರಿಗೆ ತೆತ್ತ ಹಣ ನನ್ನ ಅಜ್ಞಾನಕ್ಕೆ ತೆತ್ತ ದಂಡವಾಗಿತ್ತು.

ಈ ಪ್ರಸಂಗವನ್ನು ಹಣ ಉಳಿಸಿದ ಜಾಣತನವೆಂದು ಬರೆಯುತ್ತಿಲ್ಲ. ಎಲ್ಲ ಕಾರುಗಳಲ್ಲಿಯೂ ಸ್ಟಾರ್ಟರ್ ಹೀಗೆ ಮೇಲಿನಿಂದ ಕೈಗೆಟಕುವುದಿಲ್ಲ. ಜಾಕ್ ಒಂದನ್ನೇ ನಂಬಿ ಕಾರಿನಡಿ ನುಸುಳುವುದು ಜೀವವನ್ನೇ ಪಣಕ್ಕಿಟ್ಟಂತೆ. ವಾರಂಟಿ ಇರುವ ಕಾರಿಗೆ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ಈ ಸಾಹಸ ಸಲ್ಲದು. ನಾನು ಹೇಳಬೇಕಾದುದು ಬೇರೆ. ಈ ನಾಡಿನಲ್ಲಿ ನಮ್ಮ ಬದುಕು ಇತರರ ಕೈಗಳ ಮೇಲೆ ನಿಂತಿದೆ. ಕಾರು ತೊಳೆಯುವವರು, ರಿಪೇರಿ ಮಾಡುವವರು, ಮನೆಬಾಗಿಲಿಗೆ ಊಟ ತರುವವರು ಎಲ್ಲರೂ ಅಗ್ಗಕ್ಕೆ ಸಿಗುತ್ತಾರೆ. ಆದುದರಿಂದಲೇ ನಾವು ಕಲಿಯುವುದನ್ನೂ ಕೇಳುವುದನ್ನೂ ಬಿಟ್ಟಿದ್ದೇವೆ. ಕೇಳಲು ತಿಳಿಯದವನು ಮೋಸಕ್ಕೂ ಸುಲಭದ ತುತ್ತು. ಕೆಲಸ ತಿಳಿಯದವನಿಗೆ ಕೆಲಸಗಾರನ ಬೆಲೆಯೂ ತಿಳಿಯದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಇಲ್ಲಿದೆ. ತಗಡಿನ ಮಾಡಿನಡಿ, ಕಾದ ಎಂಜಿನ್ನಿನ ಮೇಲೆ ಬಾಗಿದವನ ಸೆಖೆ ಎಷ್ಟೆಂದು ಆ ಮುಂಜಾನೆಯ ಎರಡು ಗಂಟೆಗಳಲ್ಲಿ ನನ್ನ ಬೆನ್ನು ಅರಿಯಿತು.

ನಮ್ಮ ಸಂಘಗಳು ರಾಜ್ಯೋತ್ಸವ, ಯಕ್ಷಗಾನಗಳನ್ನು ಪ್ರೀತಿಯಿಂದ ನಡೆಸುತ್ತವೆ. ಉದ್ಯಮಿಗಳಿಗೆ ಶಾಲು ಹೊದಿಸುತ್ತವೆ. ವರ್ಷಕ್ಕೊಂದು ಸಂಜೆ, ಅಲ್ ಕೂಝ್‌ನಲ್ಲೋ ಮುಸಫ್ಫಾದಲ್ಲೋ ದುಡಿಯುವ ನಮ್ಮ ಕರಾವಳಿಯ ಮೆಕ್ಯಾನಿಕ್ ಒಬ್ಬರನ್ನು ಕರೆದು, ಬ್ಯಾಟರಿ, ಟೈರು, ಸ್ಟಾರ್ಟರುಗಳ ಪಾಠ ಹೇಳಿಸಿದರೆ ಹೇಗೆ? ಹೆಂಗಸರೂ ಮಕ್ಕಳೂ ಕಲಿಯಲಿ. ಕೊನೆಯಲ್ಲಿ ಒಂದು ಶಾಲು ಆ ಗುರುವಿನ ಹೆಗಲಿಗೂ ಬೀಳಲಿ.

ಉಸ್ತಾದ್‌ಗೆ ಕೂಲಿ ಕೊಡಲು ಹೋದೆ. “ಕೆಲಸ ಮಾಡಿದ್ದು ನೀವಲ್ಲವಾ?” ಎಂದು ನಕ್ಕರು. ಒತ್ತಾಯಿಸಿ ಕೊಟ್ಟೆ. ಪಾಠ ಹೇಳಿದ್ದಕ್ಕೂ ಕೂಲಿ ಉಂಟಲ್ಲವೇ?