ಮಾತೇ ಸಾಕ್ಷಿ

ಕಿರಿಮಂಜೇಶ್ವರದಂತಹ ಕರಾವಳಿಯ ಊರುಗಳ ಜನರಿಗೆ ತಾಳಮದ್ದಲೆ ಹೊಸದಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಮಾತನಾಡುತ್ತಾರೆ; ಕುರುಕ್ಷೇತ್ರವು ಕೇಳುಗರ ಕಣ್ಣೆದುರು ಬಂದು ನಿಲ್ಲುತ್ತದೆ. ಅದು ಪುರಾಣದ ಮಾತಾಯಿತು. ನಿಜವಾಗಿ ನಡೆದ ಘೋರಕೃತ್ಯವೊಂದನ್ನು, ಅದನ್ನು ಅನುಭವಿಸಿದವರ ಮಾತಿನಿಂದಲೇ ತೋರಿಸಲು ಸಾಧ್ಯವೆ? ಸಾಧ್ಯವೆಂದು ಫ್ರಾನ್ಸಿನ ಚಿತ್ರನಿರ್ದೇಶಕ ಕ್ಲೋದ್ ಲಾಂಜ್‌ಮನ್ ನಂಬಿದ್ದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ನಾಟ್ಸಿ ಆಡಳಿತವು ಯೂರೋಪಿನ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಿತು. ಒಂದು ಜನಾಂಗವನ್ನೇ ಅಳಿಸಿಹಾಕುವ ಇಂತಹ ಕೃತ್ಯವನ್ನು ಜನಾಂಗಹತ್ಯೆ ಎನ್ನುತ್ತಾರೆ. ಅದರಿಂದ ಪಾರಾದ ನಾಲ್ವರು ಸ್ತ್ರೀಯರ ಮಾತುಗಳನ್ನು ಲಾಂಜ್‌ಮನ್ 1970ರ ದಶಕದಲ್ಲಿ ಚಿತ್ರೀಕರಿಸಿದರು. ಅದು 'ನಾಲ್ವರು ಸೋದರಿಯರು' ಎಂಬ ಅರ್ಥದ ಹೆಸರಿನಿಂದ ಪ್ರದರ್ಶನಗೊಂಡುದು 2017ರಲ್ಲಿ. ಅವರು ಒಡಹುಟ್ಟಿದವರಲ್ಲ, ಅವರನ್ನು ಸೋದರಿಯರನ್ನಾಗಿ ಮಾಡಿದುದು ದುರ್ವಿಧಿ.

ಅವರಲ್ಲಿ ಆಡಾ ಲಿಖ್ಟ್‌ಮನ್ ಎಂಬಾಕೆ ಪೋಲೆಂಡಿನ ಸೊಬಿಬೋರ್ ಶಿಬಿರದಲ್ಲಿ ಸೆರೆಯಾಗಿದ್ದವಳು. ಬಟ್ಟೆ ಒಗೆಯುವುದು ಆಕೆಯ ಕೆಲಸ. ಅದರೊಡನೆ ಇನ್ನೊಂದು ಕೆಲಸವೂ ಇತ್ತು. ಶಿಬಿರಕ್ಕೆ ತಂದು ಕೊಂದ ಮಕ್ಕಳ ಗೊಂಬೆಗಳನ್ನು ಸರಿಪಡಿಸಿ, ಅವಕ್ಕೆ ಉಡುಪು ಹೊಲಿದು, ಜರ್ಮನ್ ಅಧಿಕಾರಿಗಳ ಮಕ್ಕಳಿಗಾಗಿ ಸಿದ್ಧಪಡಿಸಬೇಕಾಗಿತ್ತು! ಚಿತ್ರದಲ್ಲಿ ಆಕೆ ಮಾತನಾಡುವಾಗಲೂ ಕೈಯಲ್ಲಿ ಗೊಂಬೆಗಳಿವೆ. ಹೆಣಗಳ ರಾಶಿಯ ನೂರು ಚಿತ್ರಗಳು ಹೇಳಲಾರದುದನ್ನು ಆ ಗೊಂಬೆಗಳು ಹೇಳುತ್ತವೆ. ಯುದ್ಧದ ಇತಿಹಾಸವು ಸೇನಾಪತಿಗಳ ಹೆಸರುಗಳಿಂದ ತುಂಬಿರುತ್ತದೆ; ಒಗೆಯುವ ಬಟ್ಟೆ, ಹೊಲಿಯುವ ಗೊಂಬೆ ಅದರಲ್ಲಿ ಸೇರಬೇಕಾದರೆ ಇಂತಹ ಸ್ತ್ರೀಯರೇ ಬಾಯಿ ತೆರೆಯಬೇಕು.

ಬರಿಯ ಮಾತನ್ನು ನಂಬುವುದೆಂತು, ಮುಪ್ಪಿನ ನೆನಪು ತಪ್ಪುವುದಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ತಿಥಿ, ಸಂಖ್ಯೆಗಳಲ್ಲಿ ನೆನಪು ತಪ್ಪುವುದುಂಟು. ಅದನ್ನು ದಾಖಲೆಗಳೊಡನೆ ಹೋಲಿಸಿ ತಿದ್ದಿಕೊಳ್ಳಬಹುದು. ಆದರೆ ದಾಖಲೆಯನ್ನೇ ಅಳಿಸಿದಾಗ? 1943ರ ಅಕ್ಟೋಬರ್ 14ರಂದು ಸೊಬಿಬೋರಿನ ಕೈದಿಗಳು ದಂಗೆಯೆದ್ದರು. ಅನಂತರ ನಾಟ್ಸಿಗಳು ಶಿಬಿರವನ್ನು ಕೆಡವಿ, ಆ ನೆಲದಲ್ಲಿ ಗಿಡಗಳನ್ನು ನೆಟ್ಟರು. ಕೊಂದವರು ಕುರುಹನ್ನು ಉಳಿಸದೆ ಹೋದ ಕಡೆ ಚಿತ್ರವನ್ನು ತೋರಿಸಿರೆಂದು ಬದುಕುಳಿದವರನ್ನು ಕೇಳುವುದು ನ್ಯಾಯವಲ್ಲ.

ಹಾಗೆಂದು ಈ ಮಾತುಗಳೆಲ್ಲ ಕೇಳುವವರಿಗೆ ಸುಲಭವಾಗಿಲ್ಲ. ಪೌಲಾ ಬಿರೆನ್ ಎಂಬಾಕೆ ವುಜ್ ನಗರದ ಯೆಹೂದ್ಯರ ಕೇರಿಯಲ್ಲಿ ಮಹಿಳಾ ಪೊಲೀಸಳಾಗಿದ್ದವಳು. ರೂತ್ ಎಲಿಯಾಸ್ ಔಶ್‌ವಿತ್ಸಿನಲ್ಲಿ ತನ್ನ ಹಸುಗೂಸನ್ನು ಕಳೆದುಕೊಂಡ ತಾಯಿ. ಹನ್ನಾ ಮಾರ್ಟನ್‌ಳ ಕಥೆ ಎಲ್ಲಕ್ಕಿಂತ ತೊಡಕಿನದು. 1944ರಲ್ಲಿ ಹಂಗೇರಿಯ ನಾಲ್ಕು ಲಕ್ಷಕ್ಕೂ ಮಿಕ್ಕಿದ ಯೆಹೂದ್ಯರನ್ನು ಔಶ್‌ವಿತ್ಸಿಗೆ ಸಾಗಿಸುತ್ತಿದ್ದಾಗ, ನಾಟ್ಸಿಗಳಿಗೆ ಹಣ ತೆತ್ತು ಒಂದು ರೈಲಿನಲ್ಲಿ ಸುಮಾರು 1,680 ಜನರನ್ನು ಉಳಿಸಲಾಯಿತು. ಆ ರೈಲಿನಲ್ಲಿ ಹನ್ನಾಳಿಗೂ ಆಕೆಯ ಗಂಡನಿಗೂ ಸ್ಥಳ ದೊರೆಯಿತು. ಆಕೆಯನ್ನು ತಪ್ಪಿತಸ್ಥಳೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೂ ಬದುಕುಳಿದ ಭಾರವನ್ನು ಆಕೆ ಮರೆಮಾಚುವುದಿಲ್ಲ. ಗಂಡನ ದಿನಚರಿಯನ್ನು ಕೈಯಲ್ಲಿ ಹಿಡಿದು, ಹೋದವರ ಮತ್ತು ಉಳಿದವರ ಲೆಕ್ಕವನ್ನು ಹೇಳುತ್ತಾಳೆ.