ನಿಮ್ಮ ಮೈಕ್ ನಿಜಕ್ಕೂ ಸ್ಟೀರಿಯೊ ಹೌದೇ? ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಎರಡೂ ಕಿವಿಯಲ್ಲಿ ಧ್ವನಿ ಕೇಳಿಸಿದರೆ ಅದು ಸ್ಟೀರಿಯೊ. ಸ್ಟೀರಿಯೊ ಆಗಿದ್ದರೆ ಗುಣಮಟ್ಟವೂ ಚೆನ್ನಾಗಿರುತ್ತದೆ. ಮೈಕ್ ಕೊಳ್ಳುವ ಹಲವರು ಹೀಗೆಂದು ನಂಬಿರುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಮನೆಯಲ್ಲಿ ಹಾಡು, ಪಾಠ ರೆಕಾರ್ಡ್ ಮಾಡಲೆಂದು ಹಣ ಹಾಕುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಸ್ಟೀರಿಯೊ ಎಂದರೇನು?

ಎಡಬದಿಯಿಂದ ಬರುವ ಶಬ್ದ ನಮ್ಮ ಎಡಗಿವಿಯನ್ನು ಮೊದಲು ತಲುಪುತ್ತದೆ. ಬಲಗಿವಿಗೆ ಅದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ, ತುಸು ಮಂದವಾಗಿ ಬರುತ್ತದೆ. ಈ ವ್ಯತ್ಯಾಸದಿಂದಲೇ ಮಿದುಳು ಶಬ್ದದ ದಿಕ್ಕನ್ನು ಗುರುತಿಸುತ್ತದೆ. ಇಂಥ ವ್ಯತ್ಯಾಸವನ್ನು ಎರಡು ಚಾನೆಲ್‌ಗಳಲ್ಲಿ ಹಿಡಿದಿಡುವುದೇ ಸ್ಟೀರಿಯೊ. ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೀನ್ 1931ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದರು.

ಇದಕ್ಕೆ ಮೈಕ್‌ನೊಳಗೆ ಶಬ್ದ ಹಿಡಿಯುವ ಕನಿಷ್ಠ ಎರಡು ಕ್ಯಾಪ್ಸೂಲ್‌ಗಳು ಬೇಕು. ಒಂದೇ ಕ್ಯಾಪ್ಸೂಲ್ ಇರುವ ಮೈಕ್ ಕೂಡ ಎರಡು ಚಾನೆಲ್‌ಗಳ ಫೈಲ್ ಕೊಡಬಹುದು. ಆದರೆ ಆಗ ಎರಡರಲ್ಲೂ ಇರುವುದು ಒಂದೇ ಧ್ವನಿಯ ನಕಲು.

ಪರೀಕ್ಷೆ ಹೇಗೆ?

ಮೊದಲು ಮೈಕ್ ಮತ್ತು ರೆಕಾರ್ಡಿಂಗ್ ಆ್ಯಪ್ ಎರಡರಲ್ಲೂ ಸ್ಟೀರಿಯೊ ಆಯ್ಕೆ ಮಾಡಿ. ಫೋನಿನಲ್ಲಿ 'ಮೋನೊ ಆಡಿಯೊ' ಸೆಟ್ಟಿಂಗ್ ಆಫ್ ಇರಲಿ.

1. ಬೀಗದ ಕೈ ಗೊಂಚಲನ್ನು ಅಲ್ಲಾಡಿಸುತ್ತಾ ಮೈಕ್ ಮುಂದೆ ಎಡದಿಂದ ಬಲಕ್ಕೆ ನಡೆಯಿರಿ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿ ಕೇಳಿ. ಶಬ್ದವೂ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಯಬೇಕು. ನಟ್ಟನಡುವೆಯೇ ನಿಂತರೆ ಅನುಮಾನಪಡಬೇಕು.

2. ಅನುಮಾನ ಬಂದರೆ ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಎರಡು ಚಾನೆಲ್‌ಗಳನ್ನು ಬೇರ್ಪಡಿಸಿ ಮೋನೊ ಮಾಡಿ. ಒಂದನ್ನು 'ಇನ್ವರ್ಟ್' ಮಾಡಿ ಎರಡನ್ನೂ ಒಟ್ಟಿಗೆ ನುಡಿಸಿ. ಸಂಪೂರ್ಣ ನಿಶ್ಶಬ್ದವಾದರೆ ಎರಡೂ ಒಂದೇ ಎಂದರ್ಥ. ಅದು ಸ್ಟೀರಿಯೊ ಅಲ್ಲ.

3. ಮೈಕ್‌ನ ಎದುರು, ಸರಿಯಾಗಿ ಮಧ್ಯದಲ್ಲಿ ಕುಳಿತು ಮಾತನಾಡಿ. ಒಂದು ಬದಿಯ ಧ್ವನಿ ಜೋರಾಗಿ ಕೇಳಿಸಿದರೆ ಎರಡು ಕ್ಯಾಪ್ಸೂಲ್‌ಗಳು ಹೊಂದುತ್ತಿಲ್ಲ.

4. ಈಗ 'ಮೋನೊ ಆಡಿಯೊ' ಆನ್ ಮಾಡಿ ಅದೇ ರೆಕಾರ್ಡಿಂಗ್ ಕೇಳಿ. ದನಿ ತೆಳುವಾದರೆ ಅಥವಾ ಡಬ್ಬಿಯೊಳಗಿಂದ ಬಂದಂತಿದ್ದರೆ ಎರಡು ಚಾನೆಲ್‌ಗಳು ಒಂದನ್ನೊಂದು ಅಳಿಸುತ್ತಿವೆ. ಫೋನಿನ ಒಂದೇ ಸ್ಪೀಕರ್‌ನಲ್ಲಿ ಕೇಳುವವರಿಗೂ ಹಾಗೆಯೇ ಕೇಳಿಸುತ್ತದೆ.

ಎಲ್ಲರಿಗೂ ಸ್ಟೀರಿಯೊ ಬೇಕೇ?

ಇಲ್ಲ. ಒಬ್ಬರೇ ಮಾತನಾಡುವ ಪಾಠ, ಪಾಡ್‌ಕಾಸ್ಟ್‌ಗೆ ಒಳ್ಳೆಯ ಮೋನೊ ಮೈಕ್ ಸಾಕು. ಗಾಯಕರು, ತಬಲಾ, ಹಾರ್ಮೋನಿಯಂ ಒಟ್ಟಿಗೆ ಕೂತಾಗ ಅಥವಾ ಭಜನೆಯ ಗುಂಪನ್ನು ರೆಕಾರ್ಡ್ ಮಾಡುವಾಗ ಸ್ಟೀರಿಯೊದ ಪ್ರಯೋಜನ ತಿಳಿಯುತ್ತದೆ. ಫ್ಯಾನಿನ ಸದ್ದನ್ನಾಗಲಿ, ಖಾಲಿ ಕೋಣೆಯ ಪ್ರತಿಧ್ವನಿಯನ್ನಾಗಲಿ ಸ್ಟೀರಿಯೊ ಕಡಿಮೆ ಮಾಡುವುದಿಲ್ಲ. ಅದಕ್ಕೆ ಫ್ಯಾನ್ ಆರಿಸುವುದು, ದಪ್ಪ ಪರದೆ ಇಳಿಬಿಡುವುದು, ಮೈಕ್ ಹತ್ತಿರಕ್ಕೆ ಬರುವುದೇ ದಾರಿ.

ಹಾಗಾಗಿ, ಫಾರ್ವರ್ಡ್ ಆಗಿ ಬಂದ 'ಸೂಪರ್ ಸ್ಟೀರಿಯೊ ಮೈಕ್' ವಿಡಿಯೊವನ್ನು ಫೋನಿನ ಸ್ಪೀಕರ್‌ನಲ್ಲಿ ಕೇಳಿ ತೀರ್ಮಾನಿಸಬೇಡಿ. ಮೈಕ್ ಕೊಂಡಿದ್ದರೆ, ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ಈ ನಾಲ್ಕು ಪರೀಕ್ಷೆ ಮಾಡಿ.